ನಮ್ಮ ಹೊಲದ ಕಲ್ಲು ಹಟ್ಟಿಯ ಕಲ್ಲೇ ಆದರೆ, ಚಿನ್ನ ಯಾಕಿಲ್ಲ?

ಪ್ರಶ್ನೆ: ನಮ್ಮ ಹೊಲ ಕುಷ್ಟಗಿ ತಾಲ್ಲೂಕಿನಲ್ಲಿದೆ. ಹೊಲದ ಒಂದು ಮೂಲೆಯಲ್ಲಿ ಹಸಿರು ಮಿಶ್ರಿತ ಕಪ್ಪು ಕಲ್ಲಿನ ದಿಬ್ಬ, ಅದರ ನಡುವೆ ಬಿಳಿ ಬೆಣಚುಕಲ್ಲಿನ ಪಟ್ಟಿ ಇದೆ. ಹೋದ ಬೇಸಿಗೆಯಲ್ಲಿ ಅಲ್ಲೇ ಬೋರ್ ಹಾಕಿಸಿದಾಗ ಬಂದ ಪುಡಿಯಲ್ಲಿ ಹಳದಿ ಮಿಂಚು ಕಂಡಿತು. ಹಟ್ಟಿ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಸೋದರಮಾವ ‘ಇದು ಹಟ್ಟಿಯ ಕಲ್ಲೇ’ ಅನ್ನುತ್ತಾರೆ. ಹಾಗಿದ್ದರೆ ಹಟ್ಟಿಯಲ್ಲಿ ಚಿನ್ನ, ಸಂಡೂರಿನಲ್ಲಿ ಕಬ್ಬಿಣ, ನಮ್ಮಲ್ಲಿ ಮಾತ್ರ ಯಾಕೆ ಏನೂ ಇಲ್ಲ? ಒಬ್ಬರು ಯಂತ್ರ ತಂದು ನೋಡಿ ಹೇಳುತ್ತೇನೆ, 40 ಸಾವಿರ ಕೊಡಿ ಅಂತಿದ್ದಾರೆ. ಕೊಡಬಹುದಾ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಕೊಡಬೇಡಿ. ಕಲ್ಲಿನ ಕಾಂತಗುಣ ಅಳೆಯುವ ಯಂತ್ರ ಇದೆ, ನೆಲದೊಳಗೆ ಕರೆಂಟು ಹೇಗೆ ಹರಿಯುತ್ತದೆ ಎಂದು ನೋಡುವ ಯಂತ್ರವೂ ಇದೆ. ಅವು ಸುಳಿವು ಕೊಡುತ್ತವೆ ಅಷ್ಟೇ. ಬಂಡೆಯೊಳಗೆ ಇಂತಿಷ್ಟು ಗ್ರಾಂ ಚಿನ್ನ ಇದೆ ಎಂದು ಮೇಲೆ ನಿಂತು ಹೇಳುವ ಯಂತ್ರ ಯಾರ ಹತ್ತಿರವೂ ಇಲ್ಲ. ಹಟ್ಟಿಯಂಥ ಗಣಿಯಲ್ಲೂ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಮೂರು ಗ್ರಾಂ ಅಂದುಕೊಳ್ಳಿ. ಗಾತ್ರದಲ್ಲಿ ಅದು ಒಂದು ದಪ್ಪ ತೊಗರಿ ಕಾಳಿನಷ್ಟು. ಆ ಕಾಳೂ ಒಂದೇ ಕಡೆ ಕೂತಿರುವುದಿಲ್ಲ, ಕಣ್ಣಿಗೆ ಕಾಣದ ಪುಡಿಯಾಗಿ ಇಡೀ ಟನ್ ಕಲ್ಲಿನಲ್ಲಿ ಹರಡಿಕೊಂಡಿರುತ್ತದೆ. ಇದು ತಿಳಿಯಬೇಕಾದರೆ ಕಲ್ಲನ್ನು ಪುಡಿ ಮಾಡಿ, ಲ್ಯಾಬಿನಲ್ಲಿ ಕರಗಿಸಿ ನೋಡಲೇಬೇಕು.

ನಿಮ್ಮ ಮಾವನವರ ಮಾತು ಸರಿಯಿರಬಹುದು. ಗಣಿಯೊಳಗೆ ವರ್ಷಗಟ್ಟಲೆ ಅದೇ ಕಲ್ಲು ನೋಡಿದವರ ಕಣ್ಣು ಸುಮ್ನೆ ಮೋಸ ಹೋಗುವುದಿಲ್ಲ. ಆದರೂ ಒಂದು ಪರೀಕ್ಷೆ ಮಾಡಿಬಿಡಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಕಪ್ಪು ಕಲ್ಲಿನ ಸಾಲು ಅಂದರೆ ಎರಡು ಬೇರೆ ಬೇರೆ ವಸ್ತು. ಒಂದು, ನೀವು ಕೇಳುತ್ತಿರುವ ಹಳೆಯ ಲಾವಾದ ಹಸಿರುಶಿಲೆ. ಇನ್ನೊಂದು ಡಾಲರೈಟ್. ಗ್ರಾನೈಟಿನ ಬಿರುಕಿನೊಳಗೆ ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿದ ಗೋಡೆಯಂಥ ಕಲ್ಲು ಇದು. ಇಂಥ ಗೋಡೆಗಳಿಗೆ ಡೈಕ್ ಅನ್ನುತ್ತೇವೆ. ನಮ್ಮ ಭಾಗದ ದೊಡ್ಡ ಡೈಕುಗಳ ಒಂದು ಗುಂಪು ಸುಮಾರು 237 ಕೋಟಿ ವರ್ಷ ಹಳೆಯದು. ಹಸಿರುಶಿಲೆಗೆ ಹೋಲಿಸಿದರೆ ಕಿರಿಯದು.

ಗುರುತಿಸುವುದು ಕಷ್ಟವಲ್ಲ. ಡಾಲರೈಟ್ ದುಂಡು ದುಂಡು ಗುಂಡುಗಳಾಗಿ ಒಡೆದು ಸಾಲಾಗಿ ಬಿದ್ದಿರುತ್ತದೆ. ಹೊರಗೆ ಕಂದು ತೊಗಟೆ, ಒಳಗೆ ಕಡು ಕಪ್ಪು. ಪದರ ಇರುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ಠಣ್ ಅನ್ನುತ್ತದೆ. ಬಳ್ಳಾರಿ ಪಕ್ಕದ ಕುಪ್ಪಗಲ್ಲಿನ ಗುಡ್ಡದಲ್ಲಿ ಗಂಟೆಯಂತೆ ನಾದ ಬರುವ ಕಲ್ಲುಗಳಿವೆಯಲ್ಲ, ಅವು ಡಾಲರೈಟ್. ಅಲ್ಲೇ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಇದೇ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಹಸಿರುಶಿಲೆ ಹಾಗಲ್ಲ. ಅದು ಒತ್ತಡಕ್ಕೆ ಸಿಕ್ಕಿ ನಜ್ಜುಗುಜ್ಜಾದ ಕಲ್ಲು. ಬಹಳ ಕಡೆ ಹಾಳೆ ಹಾಳೆಯಾಗಿ ಸೀಳುತ್ತದೆ, ಹೊಸದಾಗಿ ಒಡೆದ ಮುಖ ಹಸಿರಾಗಿ ಹೊಳೆಯುತ್ತದೆ. ಮಣ್ಣನ್ನೂ ನೋಡಿ. ಗ್ರಾನೈಟಿನ ಮೇಲೆ ಸಾಮಾನ್ಯವಾಗಿ ಮರಳು ಮಿಶ್ರಿತ ಮಸಾರಿ ಇರುತ್ತದೆ. ಹಸಿರುಶಿಲೆಯ ಪಟ್ಟಿ ಶುರುವಾದ ಕಡೆ ಮಣ್ಣು ಜಿಗುಟಾಗಿ, ಎರೆಯ ಕಡೆಗೆ ತಿರುಗುತ್ತದೆ. ನೇಗಿಲು ಹಿಡಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನಿಮ್ಮದು ಹಸಿರುಶಿಲೆಯೇ ಎಂದು ಇಟ್ಟುಕೊಳ್ಳೋಣ. ಹುನಗುಂದದ ಕಡೆಯಿಂದ ಕುಷ್ಟಗಿಯತ್ತ ಅಂಥದೊಂದು ಪಟ್ಟಿ ಬರುತ್ತದೆ, ಆದ್ದರಿಂದ ಆಶ್ಚರ್ಯವೇನಿಲ್ಲ. ಪೂರ್ವಕ್ಕೆ ಲಿಂಗಸುಗೂರು ಕಡೆ ಹಟ್ಟಿ–ಮಸ್ಕಿ ಪಟ್ಟಿ, ಕೊಕ್ಕೆಯಂತೆ ಬಾಗಿದೆ. ದಕ್ಷಿಣಕ್ಕೆ ಸಂಡೂರು ಪಟ್ಟಿ. ಉತ್ತರಕ್ಕೆ ಕೃಷ್ಣೆ ದಾಟಿದರೆ ಸುರಪುರ ತಾಲ್ಲೂಕಿನ ಮಂಗಳೂರು ಪಟ್ಟಿ (ಇದು ಕರಾವಳಿಯ ಮಂಗಳೂರಲ್ಲ). ದೂರದಲ್ಲಿ ಕೋಲಾರದ್ದು. ಇವೆಲ್ಲದರ ಮಧ್ಯೆ ತುಂಬಿಕೊಂಡಿರುವುದು ಗ್ರಾನೈಟ್ ಮತ್ತು ಅದರ ಬಳಗ. ಹಂಪಿಯ ಗುಂಡು, ಆನೆಗೊಂದಿಯ ಗುಡ್ಡ, ಇಳಕಲ್ಲಿನ ಕೆಂಪು ಕಲ್ಲು ಎಲ್ಲ ಆ ಬಳಗದವೇ.

ಈ ಪಟ್ಟಿಗಳೆಲ್ಲ ಹುಟ್ಟಿದ್ದು ಒಂದೇ ಬಗೆಯಲ್ಲಿ. ಸುಮಾರು 270 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಬಿರುಕು ಬಿಟ್ಟು ಲಾವಾ ಉಕ್ಕುತ್ತಿತ್ತು. ಭೂಮಿಯ ಒಡಲು ಆಗ ಈಗಿಗಿಂತ ಜಾಸ್ತಿ ಬಿಸಿ. ಇವತ್ತಿನ ಬಸಾಲ್ಟ್ ಲಾವಾ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಇದ್ದರೆ, ಆ ಕಾಲದ ಕೊಮಾಟಿಯೈಟ್ ಎಂಬ ಲಾವಾ 1,600 ಡಿಗ್ರಿಯ ಹತ್ತಿರ ಇತ್ತು. ಅಂಥ ಲಾವಾ ಈಗ ಎಲ್ಲೂ ಉಕ್ಕುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಇಲ್ಲ ಅನ್ನುವಷ್ಟು ಕಡಿಮೆ. ನೀರಿನೊಳಗೆ ಉಕ್ಕಿದ ಲಾವಾ ತಕ್ಷಣ ತಣಿದು ದಿಂಬುಗಳಂತೆ ಒಂದರ ಮೇಲೊಂದು ಕೂರುತ್ತದೆ. ಈ ದಿಂಬಿನ ಲಾವಾ ನೋಡಬೇಕೆಂದರೆ ಚಿತ್ರದುರ್ಗದ ಮರಡಿಹಳ್ಳಿಗೆ ಹೋಗಿ. ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಪಾಡಿಕೊಂಡಿದೆ. ಆಮೇಲೆ ಈ ರಾಶಿಯೆಲ್ಲ ಮಡಚಿ, ಆಳಕ್ಕೆ ಇಳಿದು, ಬಿಸಿಗೆ ಬೆಂದು, ಅದರೊಳಗೆ ಹಸಿರು ಖನಿಜಗಳು ಬೆಳೆದವು. ಬಣ್ಣ ಬಂದದ್ದು ಹೀಗೆ.

ಇಲ್ಲಿಯವರೆಗೆ ಹಟ್ಟಿಗೂ ನಿಮ್ಮ ಹೊಲಕ್ಕೂ ವ್ಯತ್ಯಾಸವಿಲ್ಲ. ಗಣಿಯನ್ನು ಮಾಡಿದ್ದು ಈ ಕಲ್ಲಲ್ಲ, ಕಲ್ಲು ಹುಟ್ಟಿದ ಮೇಲೆ ಅದರ ಮೂಲಕ ಹರಿದ ನೀರು. ಹಟ್ಟಿಯಲ್ಲಿ ಕೆಳಗಿನಿಂದ ಬಂದ ಬಿಸಿನೀರು. ಸಂಡೂರಿನಲ್ಲಿ ಮೇಲಿನಿಂದ ಬಿದ್ದ ಮಳೆನೀರು.

ಚಿನ್ನದ್ದು ನೋಡೋಣ. ಯಾವುದೇ ಮಾಮೂಲಿ ಬಸಾಲ್ಟ್ ಕಲ್ಲಿನಲ್ಲೂ ಚಿನ್ನ ಇರುತ್ತದೆ. ಟನ್ನಿಗೆ ಕೆಲವು ಮಿಲಿಗ್ರಾಂ. ನಿಮ್ಮ ದಿಬ್ಬದಲ್ಲೂ ಅಷ್ಟು ಇದ್ದೇ ಇದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಗಣಿ ಆಗಬೇಕಾದರೆ ಅದು ಸಾವಿರ ಪಟ್ಟು ಒಂದು ಕಡೆ ಸೇರಬೇಕು. ಸುಮಾರು 255 ಕೋಟಿ ವರ್ಷದ ಹಿಂದೆ ನಮ್ಮ ನೆಲದಡಿ ಗ್ರಾನೈಟ್ ದೊಡ್ಡ ಪ್ರಮಾಣದಲ್ಲಿ ಮೇಲೇರುತ್ತಿತ್ತು. ಆಳದ ಕಲ್ಲುಗಳು ಬೆಂದು, ಅವುಗಳೊಳಗಿದ್ದ ನೀರು, ಇಂಗಾಲದ ಡೈಆಕ್ಸೈಡ್, ಗಂಧಕ ಎಲ್ಲ ಹೊರಬಂದವು. ಗಂಧಕ ಇರುವ ಬಿಸಿನೀರು ಚಿನ್ನವನ್ನು ಕರಗಿಸಿಕೊಳ್ಳಬಲ್ಲದು. ಆ ನೀರಿಗೆ ಮೇಲೆ ಬರಲು ದಾರಿ ಬೇಕು. ದಾರಿ ಅಂದರೆ ಕಲ್ಲು ಕಲ್ಲಿನ ಮೇಲೆ ಜಾರಿ ಅರೆದು ಹೋದ ಸೀಳು ವಲಯ.

ಸೀಳಿನಲ್ಲಿ ನೀರು ಏರುತ್ತದೆ. ಅಕ್ಕಪಕ್ಕದ ಹಸಿರುಶಿಲೆಯಲ್ಲಿ ಕಬ್ಬಿಣ ಹೇರಳವಾಗಿದೆ. ನೀರಿನಲ್ಲಿದ್ದ ಗಂಧಕಕ್ಕೆ ಕಬ್ಬಿಣ ಕಂಡರೆ ಬಿಡುವುದಿಲ್ಲ, ಎರಡೂ ಕೂಡಿ ಪೈರೈಟ್‌ನಂಥ ಖನಿಜಗಳಾಗುತ್ತವೆ. ಗಂಧಕ ಕೈಬಿಟ್ಟ ಮೇಲೆ ಚಿನ್ನಕ್ಕೆ ನೀರಿನಲ್ಲಿ ಕರಗಿ ಉಳಿಯಲು ಆಸರೆಯಿಲ್ಲ. ಅಲ್ಲೇ ಕೂತುಬಿಡುತ್ತದೆ. ಜೊತೆಗೆ ಭೂಕಂಪ ಆದಾಗೆಲ್ಲ ಸೀಳು ಬಾಯಿ ಬಿಟ್ಟು ಒತ್ತಡ ದಿಢೀರನೆ ಇಳಿಯುತ್ತದೆ, ನೀರಿನಲ್ಲಿದ್ದ ಸಿಲಿಕಾ ಬೆಣಚುಕಲ್ಲಾಗಿ ಹೆಪ್ಪುಗಟ್ಟಿ ಸೀಳು ಮುಚ್ಚುತ್ತದೆ, ಮತ್ತೆ ಒಡೆಯುತ್ತದೆ. ಹಟ್ಟಿಯ ಬೆಣಚುಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ಹೊಲಿಗೆ ಕಾಣುತ್ತದೆ. ಬಿಳಿ, ನಡುವೆ ತೆಳ್ಳನೆ ಕಪ್ಪು ಗೆರೆ, ಮತ್ತೆ ಬಿಳಿ, ಮತ್ತೆ ಗೆರೆ. ಒಂದೊಂದು ಗೆರೆಯೂ ಒಂದು ಸಲ ಒಡೆದು ಕೂಡಿದ ಗುರುತು. ಪಕ್ಕದ ಕಲ್ಲಿನಲ್ಲಿ ಕಂದು ಅಭ್ರಕ, ಆರ್ಸೆನಿಕ್ ಎಂಬ ವಿಷ ಇರುವ ಬೆಳ್ಳಿಬಣ್ಣದ ಆರ್ಸೆನೋಪೈರೈಟ್ ಹರಳು ಬೆಳೆದಿರುತ್ತವೆ. ನಿಮ್ಮ ಮಾವನವರಿಗೆ ಕೇಳಿ, ಅವರಿಗಿದು ಚೆನ್ನಾಗಿ ಗೊತ್ತಿರುತ್ತದೆ. ಹಾಲಿನಂತೆ ಬೆಳ್ಳಗೆ, ಗೆರೆಯಿಲ್ಲದೆ, ಪಕ್ಕದ ಕಲ್ಲು ಏನೂ ಬದಲಾಗದೆ ಇದ್ದರೆ ಆ ಬೆಣಚುಕಲ್ಲು ಬಹುತೇಕ ಬರಿದು. ನಮ್ಮ ಹೊಲಗಳಲ್ಲಿ ಕಾಣುವ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ಬೆಣಚುಕಲ್ಲು ಇಂಥದೇ ಎಂಬುದು ನನ್ನ ಅಂದಾಜು.

ಇನ್ನೊಂದು ಮಾತು. ಹಟ್ಟಿ–ಮಸ್ಕಿ ಪಟ್ಟಿಯ ಉದ್ದಕ್ಕೂ ಚಿನ್ನ ಇದೆ ಅಂದುಕೊಳ್ಳಬೇಡಿ. ಹಟ್ಟಿಯಲ್ಲಿ ಒಂದರ ಪಕ್ಕ ಒಂದು ಹೆಚ್ಚುಕಡಿಮೆ ಸಮಾನಾಂತರವಾಗಿ ಚಿನ್ನದ ಎಳೆಗಳಿವೆ. ಅವೆಲ್ಲ ಕೆಲವೇ ಕಿಲೋಮೀಟರಿನೊಳಗೆ. ಆಮೇಲೆ ದೇವದುರ್ಗ ತಾಲ್ಲೂಕಿನ ಊಟಿ, ಹಿರೇಬುದ್ದಿನ್ನಿ, ವಂದಲಿಯಂಥ ಕೆಲವು ಚುಕ್ಕೆಗಳು. ಮಿಕ್ಕ ಜಾಗದಲ್ಲಿ ಅದೇ ಕಲ್ಲು, ಅದೇ ವಯಸ್ಸು, ಚಿನ್ನ ಮಾತ್ರ ಇಲ್ಲ. ಹಟ್ಟಿಯ ಪಕ್ಕದೂರಿನವರೇ ಈ ಪ್ರಶ್ನೆ ಕೇಳಿದರೂ ಉತ್ತರ ಇದೇ. ನಿಮ್ಮ ಕುಷ್ಟಗಿ ಕಡೆ ಹುಡುಕಾಟ ಮುಗಿದೇ ಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಹುಡುಕುವವರು ನೋಡುವುದು ಹಸಿರು ಕಲ್ಲನ್ನಲ್ಲ. ಸೀಳು ಎಲ್ಲಿ ಬಾಗಿದೆ, ಗಟ್ಟಿ ಕಲ್ಲಿಗೆ ಮೆತ್ತನೆ ಕಲ್ಲು ಎಲ್ಲಿ ತಾಗಿದೆ, ಪಕ್ಕದ ಕಲ್ಲು ಎಲ್ಲಿ ಬಣ್ಣಗೆಟ್ಟಿದೆ ಎಂಬುದನ್ನು.

ಇನ್ನೂ ಒಂದು ಸುಳಿವು ಹುಡುಕುತ್ತಾರೆ, ನನಗೆ ಇಷ್ಟವಾದದ್ದು ಅದು. ಹಳೆಯ ಗುಂಡಿಗಳು. ನಮಗಿಂತ ಎರಡು ಸಾವಿರ ವರ್ಷ ಮುಂಚೆಯೇ ಈ ಸೀಮೆಯ ಜನ ಚಿನ್ನ ತೆಗೆದಿದ್ದರು. ಹಟ್ಟಿಯಲ್ಲಿ ಪುರಾತನರು ತೋಡಿದ ಸುರಂಗಗಳು ಸುಮಾರು 640 ಅಡಿ ಆಳಕ್ಕೆ ಹೋಗಿದ್ದವು. ಒಳಗೆ ಸಿಕ್ಕ ಮರದ ತುಂಡುಗಳ ವಯಸ್ಸು ಅಳೆದಾಗ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಬಂತು. ಪಂಪು ಇಲ್ಲ, ಸಿಡಿಮದ್ದು ಇಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಸೀಳಿಸುತ್ತಿದ್ದರು. ತೆಗೆದ ಕಲ್ಲನ್ನು ಬಂಡೆಯ ಮೇಲಿನ ಕುಳಿಗಳಲ್ಲಿ ಕುಟ್ಟಿ, ಅರೆದು, ನೀರಿನಲ್ಲಿ ಜಾಲಿಸುತ್ತಿದ್ದರು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಣ್ಣು ಜಾಲಿಸಿ ಚಿನ್ನ ತೆಗೆಯುವ ಜಾಲಗಾರರು ಹತ್ತೊಂಬತ್ತನೇ ಶತಮಾನದಲ್ಲೂ ಇದ್ದರು. ಆ ಜಾಲಗಾರರ ಕೆಲಸವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಂಡು ಬರೆದಿಟ್ಟಿದ್ದಾರೆ. ನಮ್ಮ ಈ ಹಸಿರುಶಿಲೆಗಳನ್ನು ಧಾರವಾಡದ ಹೆಸರಿನಲ್ಲಿ ಒಂದು ಗುಂಪು ಎಂದು ಮೊದಲು ಬೇರೆ ಮಾಡಿದವರೂ ಅವರೇ. ಮಸ್ಕಿಯ ಅಶೋಕನ ಶಾಸನ ಗೊತ್ತಲ್ಲ, ಅಶೋಕ ಎಂಬ ಹೆಸರೇ ಕೆತ್ತಿರುವ ಶಾಸನ. ಅದನ್ನು 1915ರಲ್ಲಿ ಪತ್ತೆ ಮಾಡಿದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರ್. ಚಿನ್ನ ಹುಡುಕಲು ಹೋದವರಿಗೆ ಚಕ್ರವರ್ತಿ ಸಿಕ್ಕಿದ. ಇವತ್ತಿನ ಹಟ್ಟಿ ಕಂಪನಿ 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಶುರುವಾದದ್ದು.

ಹಾಗಾಗಿ ನಿಮ್ಮ ದಿಬ್ಬದ ಸುತ್ತ ಒಂದು ಸಲ ತಿರುಗಾಡಿ. ಉದ್ದಕ್ಕೆ ತೋಡಿ ಮುಚ್ಚಿಹೋದ ಹಳೆಯ ಕಂದಕ, ಪುಡಿಗಲ್ಲಿನ ಗುಡ್ಡೆ, ಬಂಡೆಯ ಮೇಲೆ ಸಾಲು ಕುಳಿ ಏನಾದರೂ ಇದೆಯಾ? ಇದ್ದರೆ ನನಗೂ ಕುತೂಹಲ ಹುಟ್ಟುತ್ತದೆ. ಇಲ್ಲದಿದ್ದರೆ, ಆ ಹಳಬರು ಬಿಟ್ಟುಹೋದ ಬೆಣಚುಕಲ್ಲಿನಲ್ಲಿ ಬರಿಗಣ್ಣಿಗೆ ಕಾಣುವ ಚಿನ್ನ ಇರುವುದು ಬಲು ಅಪರೂಪ. ಅವರು ಬಿಡುತ್ತಿರಲಿಲ್ಲ!

ಸಂಡೂರಿನದು ಪೂರ್ತಿ ಬೇರೆ. ಅಲ್ಲಿ ಲಾವಾ ಇದೆ, ಅದರ ಜೊತೆ ಸಮುದ್ರದ ತಳದಲ್ಲಿ ದಪ್ಪವಾಗಿ ಕೂತ ಕೆಸರು, ಕಬ್ಬಿಣ, ಸಿಲಿಕಾ ಕೂಡ ಇವೆ. ಆಮ್ಲಜನಕ ಇಲ್ಲದ ಆ ಕಡಲಿನಲ್ಲಿ ಕಬ್ಬಿಣ ಕರಗಿ ನಿಂತಿತ್ತು. ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಆಕ್ಸೈಡ್ ಮಾಡಿದಂತೆಲ್ಲ ಅದು ತಳಕ್ಕಿಳಿಯಿತು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ. ಹೀಗೆ ಆದ ಪಟ್ಟೆ ಪಟ್ಟೆ ಕಲ್ಲಿನಲ್ಲಿ ಕಬ್ಬಿಣ ನೂರಕ್ಕೆ ಮೂವತ್ತರ ಆಸುಪಾಸು. ಅಷ್ಟಕ್ಕೆ ಯಾರೂ ಲಾರಿ ತುಂಬುವುದಿಲ್ಲ. ಮುಂದೆ ಆ ಪದರಗಳು ಮಡಚಿ, ಎದ್ದು, ಬೆಟ್ಟವಾಗಿ ನಿಂತವು. ಎಷ್ಟೋ ಕಾಲ ಮಳೆನೀರು ಅದರೊಳಗೆ ಇಳಿದು ಸಿಲಿಕಾವನ್ನು ಕರಗಿಸಿ ಒಯ್ದಿತು. ಉಳಿದದ್ದು ನೂರಕ್ಕೆ ಅರವತ್ತರ ಮೇಲೆ ಕಬ್ಬಿಣ ಇರುವ ಹೆಮಟೈಟ್ ಎಂಬ ಅದಿರು. ದೋಣಿಮಲೆ, ಕುಮಾರಸ್ವಾಮಿ ಬೆಟ್ಟದಲ್ಲಿ ಗಣಿಗಳು ತುದಿಯಲ್ಲೇ ಇರುವುದು ಇದಕ್ಕೇ. ಅದಿರು ಬೆಟ್ಟದ ನೆತ್ತಿಯಲ್ಲಿದೆ, ಆಳಕ್ಕೆ ಹೋದಂತೆ ಮತ್ತೆ ಹಳೆಯ ಪಟ್ಟೆ ಕಲ್ಲು ಬರುತ್ತದೆ. ದೇವಗಿರಿಯ ಮ್ಯಾಂಗನೀಸನ್ನು ಶ್ರೀಮಂತ ಮಾಡಿದ್ದರಲ್ಲೂ ಇಂಥದೇ ಮಳೆನೀರಿನ ಪಾಲು ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, ಅದರ ಹಿಂದುಮುಂದಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅದನ್ನಿಲ್ಲಿ ಎಳೆಯುವುದಿಲ್ಲ.

ನಿಮ್ಮ ಹುನಗುಂದ–ಕುಷ್ಟಗಿ ಪಟ್ಟಿಯಲ್ಲೂ ಪಟ್ಟೆ ಕಬ್ಬಿಣದ ಕಲ್ಲು ಇದೆ. ಆದರೆ ಸಂಡೂರಿನ ದಪ್ಪ, ಎತ್ತರ, ಮಡಿಕೆ ಯಾವುದೂ ಆ ಮಟ್ಟಕ್ಕಿಲ್ಲ.

ಪೇಪರಿನಲ್ಲಿ ಲಿಥಿಯಂ ಸುದ್ದಿ ಓದಿ ಈಗ ಅದನ್ನೂ ಜನ ಕೇಳುತ್ತಾರೆ. ಹಸಿರುಶಿಲೆಯ ಅಂಚಿನಲ್ಲಿ ಗ್ರಾನೈಟಿನಿಂದ ಹೊರಟ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನ ಎಳೆಗಳಲ್ಲಿ ಲಿಥಿಯಂ ಸಿಗುವುದುಂಟು. ಆದರೆ ಸುದ್ದಿಯ ಸಂಖ್ಯೆ ನೋಡಿ ಹೊಲದ ರೇಟು ಏರಿಸಬೇಡಿ. ಮಂಡ್ಯದ ಮರ್ಲಗಲ್ಲದಲ್ಲಿ 14,100 ಟನ್ ಲಿಥಿಯಂ ಇದೆ ಎಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂದಾಜು 1,600 ಟನ್.

ಬೋರಿನ ಪುಡಿಯಲ್ಲಿ ಕಂಡ ಹಳದಿ ಮಿಂಚಿಗೆ ಬರೋಣ. ಮೂರು ಸಾಧ್ಯತೆ ಇವೆ, ಮೂರನ್ನೂ ಮನೆಯಲ್ಲೇ ನೋಡಬಹುದು. ಪುಡಿಯನ್ನು ತಟ್ಟೆಯಲ್ಲಿ ನೀರು ಹಾಕಿ ಜಾಲಿಸಿ. ಹಗುರವಾಗಿ ತೇಲಿ ಹೋಗುವ, ಹಾಳೆಯಂತೆ ಸುಲಿಯುವ ಮಿಂಚು ಅಭ್ರಕ. ಮಳೆ ಗಾಳಿಗೆ ಹಳತಾದ ಕಂದು ಅಭ್ರಕ ಥೇಟ್ ಬಂಗಾರದ ಬಣ್ಣ ತಾಳುತ್ತದೆ. ತಳದಲ್ಲಿ ಉಳಿದ ಕಣವನ್ನು ಸೂಜಿಯಿಂದ ಒತ್ತಿ. ಚೂರಾಗಿ ಸಿಡಿದರೆ ಪೈರೈಟ್. ಮುರಿಯದೆ ಚಪ್ಪಟೆಯಾದರೆ ಮಾತ್ರ ಚಿನ್ನದ ಮಾತು. ಇನ್ನೂ ಅನುಮಾನ ಇದ್ದರೆ ಕಣ ಸ್ವಲ್ಪ ದೊಡ್ಡದಿದ್ದಾಗ ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿಗೆ ಉಜ್ಜಿ. ಪೈರೈಟ್ ಕಪ್ಪು ಗೆರೆ ಬಿಡುತ್ತದೆ, ಚಿನ್ನ ಚಿನ್ನದ ಗೆರೆಯನ್ನೇ ಬಿಡುತ್ತದೆ. ನನ್ನ ಊಹೆ ಪೈರೈಟ್ ಕಡೆಗಿದೆ. ಒಂದು ಮಾತು ನೆನಪಿಡಿ, ಈ ಪುಡಿಯನ್ನು ಒಲೆಯ ಮೇಲೆ ಹುರಿದು ನೋಡುವ ಪ್ರಯೋಗ ಬೇಡವೇ ಬೇಡ. ಆರ್ಸೆನೋಪೈರೈಟ್ ಇದ್ದರೆ ಏಳುವ ಹೊಗೆ ವಿಷ, ಬೆಳ್ಳುಳ್ಳಿಯ ವಾಸನೆ ಬರುತ್ತದೆ.

ನಿಮ್ಮ ಜಾಗ ನಿಜವಾಗಿ ಯಾವ ಕಲ್ಲಿನ ಮೇಲಿದೆ ಎಂಬುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ‘ಭೂಕೋಶ’ ಎಂಬ ತಾಣದಲ್ಲಿ ನಕ್ಷೆಗಳಿವೆ. ಒಬ್ಬ ಕಾಲೇಜು ಹುಡುಗನನ್ನು ಪಕ್ಕ ಕೂರಿಸಿಕೊಂಡರೆ ಅರ್ಧ ಗಂಟೆಯ ಕೆಲಸ. ಹಳೆಯ ಗುಂಡಿಯೋ, ಗೆರೆಯುಳ್ಳ ಬೆಣಚುಕಲ್ಲೋ ಕಂಡರೆ ಜಿಲ್ಲಾ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರೆದು ತಿಳಿಸಿ. ನೀವೇ ತೋಡಲು ಹೋಗಬೇಡಿ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಗುತ್ತಿಗೆ ಇಲ್ಲದೆ ಚಿನ್ನ ತೆಗೆಯುವುದು ಸ್ವಂತ ಹೊಲದಲ್ಲೂ ಅಪರಾಧ. 2015ರ ತಿದ್ದುಪಡಿಯಾದ ಮೇಲೆ ಇಂಥ ಗುತ್ತಿಗೆಗಳು ಹೋಗುವುದು ಹರಾಜಿನಲ್ಲಿ. ‘ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಡುತ್ತೇನೆ’ ಅಂತ ಬರುವವರು ಆ 40 ಸಾವಿರದವರ ಅಣ್ಣತಮ್ಮಂದಿರೇ.

ಕೊನೆಗೆ, ನೀವು ಕೇಳದೇ ಇದ್ದರೂ ನನಗೆ ಜಾಸ್ತಿ ಮುಖ್ಯ ಅನ್ನಿಸಿದ್ದು ಆ ಬೋರಿನ ನೀರು. ಬೆಣಚುಕಲ್ಲಿನ ಪಟ್ಟಿ ಒಡೆದು ಸೀಳಾಗಿರುವುದರಿಂದ ಅಲ್ಲಿ ನೀರು ಚೆನ್ನಾಗಿ ಸಿಗುತ್ತದೆ. ಆದರೆ ಚಿನ್ನ ಇರಲಿ ಬಿಡಲಿ, ಇಂಥ ಸೀಳುಗಳಲ್ಲಿ ಆರ್ಸೆನಿಕ್ ಇರಬಹುದು. ಸುರಪುರ ತಾಲ್ಲೂಕಿನ ಮಂಗಳೂರು ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟು, ದೊಡ್ಡ ಸುದ್ದಿಯಾಗಿತ್ತು. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನೀರಿನ ಮಾದರಿಯನ್ನು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಲ್ಯಾಬಿಗೆ ಕೊಡಿ. ಕೊಡುವಾಗ ಆರ್ಸೆನಿಕ್ ಮತ್ತು ಫ್ಲೋರೈಡ್ ಎರಡನ್ನೂ ನೋಡಿ ಎಂದು ಹೆಸರು ಹೇಳಿ ಬರೆಸಿ, ಯಾಕೆಂದರೆ ಮಾಮೂಲಿ ಪರೀಕ್ಷೆಯಲ್ಲಿ ಆರ್ಸೆನಿಕ್ ಬಿಟ್ಟುಹೋಗುವುದುಂಟು. ರಿಪೋರ್ಟ್ ಬರುವವರೆಗೆ ಆ ನೀರನ್ನು ಹೊಲಕ್ಕೆ ಬಿಟ್ಟುಕೊಳ್ಳಿ, ಮನೆಗೆ ಕುಡಿಯಲು ಬೇರೆ ಕಡೆಯಿಂದ ತನ್ನಿ.